ನಾಲ್ಕು ದಿನ, ಒಂದು ದ್ವೀಪ: ಜಪಾನಿನ ದ್ವೀಪದ ಊಟಕ್ಕೆ ಎಲ್ಲಿಗೆ ಹೋಗೋಣ?

ಜಪಾನಿಗೆ ಹೊರಟ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ಟೋಕಿಯೊ ನೋಡಿದ್ದಾಯಿತು, ಕ್ಯೋಟೊ ಆಯಿತು. ಇನ್ನು ಮೂರು ನಾಲ್ಕು ದಿನ ಉಳಿಯುತ್ತದೆ. ಯಾವುದಾದರೂ ದ್ವೀಪಕ್ಕೆ ಹೋಗಿ ಅಲ್ಲಿನದೇ ಊಟ, ಅಲ್ಲಿನದೇ ಪಾನೀಯದ ರುಚಿ ನೋಡಬೇಕು. ಒಕಿನಾವಾ ಅಂತಾರೆ, ಇಶಿಗಾಕಿ ಅಂತಾರೆ, ಸಾದೋ ಅಂತಾರೆ. ಯಾವುದಕ್ಕೆ ಹೋಗುವುದು?

ಫೋಟೊ ನೋಡಿ ತೀರ್ಮಾನಿಸಿದರೆ ಎಲ್ಲ ದ್ವೀಪವೂ ಒಂದೇ ಥರ. ನೀಲಿ ನೀರು, ಬಿಳಿ ಮರಳು. ತಟ್ಟೆ ನೋಡಿ ತೀರ್ಮಾನಿಸಿದರೆ ಮಾತ್ರ ಒಂದೊಂದೂ ಬೇರೆ. ಒಂದು ಕಡೆ ಹಂದಿ ಮಾಂಸ ಮತ್ತು ಹಾಗಲಕಾಯಿ, ಇನ್ನೊಂದು ಕಡೆ ಬೆಲ್ಲ, ಮತ್ತೊಂದು ಕಡೆ ಸೋಯಾ ಸಾಸ್ ಮತ್ತು ಶ್ಯಾವಿಗೆ. ಹಾಗಾಗಿ ತಟ್ಟೆಯಿಂದಲೇ ಶುರು ಮಾಡೋಣ.

ಮೊದಲು ಹೊತ್ತಿನ ಲೆಕ್ಕ

ಮೂರು ರಾತ್ರಿ, ನಾಲ್ಕು ಹಗಲು ಅಂದರೆ ಕೈಗೆ ಸಿಗುವುದು ಒಂಬತ್ತು ಹೊತ್ತಿನ ಊಟ. ಒಂದು ಹೊತ್ತು ವಿಮಾನ ನಿಲ್ದಾಣದಲ್ಲಿ ಹೋಗುತ್ತದೆ, ಒಂದು ಹೊತ್ತು ಬಂದರಿನಲ್ಲಿ. ಉಳಿಯುವುದು ಏಳು. ಇದರಲ್ಲಿ ಎರಡನೇ ದ್ವೀಪವನ್ನೂ ತುರುಕಿದರೆ ಇನ್ನೆರಡು ಹೊತ್ತು ದಾರಿಯ ಪಾಲು. ಆದ್ದರಿಂದ ನನ್ನ ಮೊದಲ ಮಾತು ಇದು: ನಾಲ್ಕು ದಿನಕ್ಕೆ ಒಂದೇ ದ್ವೀಪ.

ಆಮೇಲೆ ಈ ಪ್ರಶ್ನೆಗಳನ್ನು ಮನೆಯಲ್ಲೇ ಕೂತು ಕೇಳಿಕೊಳ್ಳಿ. ನಿಮ್ಮ ಗುಂಪಿನಲ್ಲಿ ಯಾರು ಏನು ತಿನ್ನುವುದಿಲ್ಲ? ಇದು ಎಲ್ಲಕ್ಕಿಂತ ಮುಖ್ಯ. ಹಂದಿ ತಿನ್ನದವರಿಗೆ ಒಂದು ದ್ವೀಪ ಕಷ್ಟ, ಮೀನು ತಿನ್ನದವರಿಗೆ ಇನ್ನೊಂದು ಕಷ್ಟ. ಎರಡನೆಯದು, ಕುಡಿಯುವವರು ಇದ್ದಾರಾ? ಇದ್ದರೆ ಕಾರು ಓಡಿಸುವುದು ಯಾರು? ಜಪಾನಿನಲ್ಲಿ ಒಂದು ಗುಟುಕು ಕುಡಿದೂ ಸ್ಟಿಯರಿಂಗ್ ಹಿಡಿಯುವಂತಿಲ್ಲ. ಕುಡಿದವನ ಪಕ್ಕ ಗೊತ್ತಿದ್ದೂ ಕೂತವರಿಗೂ ಶಿಕ್ಷೆ ಆಗಬಹುದು. ಕುಡಿಯಲು ಇಪ್ಪತ್ತು ವರ್ಷ ತುಂಬಿರಬೇಕು. ಹಾಗಾಗಿ ಊರೊಳಗೆ ನಡೆದೇ ಓಡಾಡಬಹುದಾದ ದ್ವೀಪಕ್ಕೂ ಕಾರಿಲ್ಲದೆ ಆಗದ ದ್ವೀಪಕ್ಕೂ ಬಹಳ ವ್ಯತ್ಯಾಸ ಇದೆ.

ಮೂರನೆಯದು, ನೀವು ಜಪಾನಿನಲ್ಲಿ ಯಾವ ಊರಿನಲ್ಲಿ ಇರುತ್ತೀರಿ. ಟೋಕಿಯೊದಿಂದ ಒಂದು ದ್ವೀಪ ಹತ್ತಿರ, ಒಸಾಕಾದಿಂದ ಮತ್ತೊಂದು. ನಾಲ್ಕನೆಯದು, ತಿಂಗಳು. ದಕ್ಷಿಣದ ದ್ವೀಪಗಳಿಗೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಚಂಡಮಾರುತದ ಕಾಟ. ಉತ್ತರದ ಕಡೆ ಚಳಿಗಾಲದಲ್ಲಿ ಕಡಲು ಎದ್ದು ಹಡಗು ನಿಲ್ಲುತ್ತದೆ. ದುಡ್ಡಿನ ಮಾತು ಪ್ರತಿ ದ್ವೀಪದ ಜೊತೆಯಲ್ಲೇ ಹೇಳುತ್ತೇನೆ. ಈಚೆಗೆ 100 ಯೆನ್ ಅಂದರೆ ಸುಮಾರು 55ರಿಂದ 60 ರೂಪಾಯಿ ಅಂತ ಇಟ್ಟುಕೊಳ್ಳಿ.

ಸಸ್ಯಾಹಾರಿಗಳು ಇದನ್ನು ಮೊದಲು ಓದಿ

ಯಾವ ದ್ವೀಪಕ್ಕೆ ಹೋದರೂ ನಿಮಗೆ ಎದುರಾಗುವುದು ದಾಶಿ. ನಮ್ಮಲ್ಲಿ ಬೇಳೆ ಕಟ್ಟು ಇದ್ದ ಹಾಗೆ ಅವರ ಅಡುಗೆಗೆ ದಾಶಿಯೇ ಬುನಾದಿ. ಬಹಳ ಸಲ ಅದು ಕತ್ಸುಒಬುಶಿಯಿಂದ ಮಾಡಿದ್ದು, ಅಂದರೆ ಹೊಗೆ ಹಾಕಿ ಒಣಗಿಸಿದ ಮೀನಿನ ಸಿಪ್ಪೆಯಂಥ ಚೂರು. ತರಕಾರಿ ಪಲ್ಯದಲ್ಲೂ ಇರುತ್ತದೆ, ಅದ್ದಿಕೊಳ್ಳುವ ರಸದಲ್ಲೂ ಇರುತ್ತದೆ. ‘ಮಾಂಸ ಬೇಡ’ ಅಂದರೆ ಅಡುಗೆಯವರು ಖುಷಿಯಿಂದ ಮಾಂಸ ಬಿಡುತ್ತಾರೆ. ದಾಶಿ ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲ.

ಒಕಿನಾವಾದ ದೊಡ್ಡ ಊರು ನಾಹಾದಲ್ಲಿ ಅಕ್ಕನ ಜೊತೆ ಒಂದು ಚಿಕ್ಕ ಹೋಟೆಲಿಗೆ ಹೋಗಿದ್ದೆ. ಅವಳು ಶುದ್ಧ ಸಸ್ಯಾಹಾರಿ. ತಣ್ಣನೆಯ ತೋಫು ಹೇಳಿದೆವು, ಇದರಲ್ಲಿ ಏನಿರುತ್ತದೆ ಮಹಾ ಅಂತ. ತೋಫು ಬಂತು, ಅದರ ಮೇಲೆ ಮೀನಿನ ಚೂರು ಬಿಸಿ ಗಾಳಿಗೆ ಅಲ್ಲಾಡುತ್ತಿತ್ತು. ಅಕ್ಕ ಆ ರಾತ್ರಿ ಬರೀ ಅನ್ನ, ಉಪ್ಪು ತಿಂದಳು. ತಪ್ಪು ಅವರದಲ್ಲ, ನಾವು ಕೇಳಬೇಕಾದ ಹಾಗೆ ಕೇಳಿರಲಿಲ್ಲ. ಅವತ್ತಿನಿಂದ ಎರಡು ವಾಕ್ಯ ಬರೆದ ಚೀಟಿ ನನ್ನ ಪರ್ಸಿನಲ್ಲೇ ಇದೆ. ‘ನಿಕು ತೊ ಸಕಾನಾ ವಾ ತಬೆಮಾಸೆನ್’, ಮಾಂಸ, ಮೀನು ತಿನ್ನುವುದಿಲ್ಲ. ‘ಕತ್ಸುಒ ದಾಶಿ ಮೊ ದಾಮೆ ದೆಸು’, ಮೀನಿನ ದಾಶಿಯೂ ಆಗುವುದಿಲ್ಲ. ಜಪಾನಿ ಲಿಪಿಯಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಇನ್ನೊಂದು ವಿಷಯ. ಇಜಕಾಯಾ ಅಂದರೆ ಕುಡಿಯುತ್ತಾ ಚಿಕ್ಕ ಚಿಕ್ಕ ತಟ್ಟೆ ತಿನ್ನುವ ಜಾಗ. ಅಲ್ಲಿ ಕೂತ ಕೂಡಲೇ ಕೇಳದೇ ಒಂದು ಬಟ್ಟಲು ಮುಂದಿಡುತ್ತಾರೆ. ಅದು ಒತೋಶಿ, ಕೂತದ್ದಕ್ಕೆ ಬಾಡಿಗೆ ಇದ್ದ ಹಾಗೆ. ಮುನ್ನೂರರಿಂದ ಐನೂರು ಯೆನ್ ಬಿಲ್ಲಿಗೆ ಸೇರುತ್ತದೆ. ಮೋಸ ಅಂದುಕೊಳ್ಳಬೇಡಿ, ಪದ್ಧತಿಯೇ ಹಾಗೆ.

ನಾಹಾ, ಒಕಿನಾವಾ: ಎಲ್ಲರನ್ನೂ ಕರೆದುಕೊಂಡು ಹೋಗಬಹುದಾದ ಊರು

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ನಾಹಾ. ಟೋಕಿಯೊದಿಂದ ವಿಮಾನದಲ್ಲಿ ಮೂರು ಗಂಟೆಯ ಒಳಗೆ, ಒಸಾಕಾದಿಂದ ಸುಮಾರು ಎರಡು ಗಂಟೆ. ವಿಮಾನ ನಿಲ್ದಾಣದಿಂದ ಊರೊಳಕ್ಕೆ ಮಾನೊರೈಲು ಇದೆ. ಇಳಿದು ಒಂದು ಗಂಟೆಯಲ್ಲಿ ತಟ್ಟೆ ಮುಂದೆ ಕೂತಿರುತ್ತೀರಿ. ಹೊತ್ತಿನ ಲೆಕ್ಕದಲ್ಲಿ ಇದನ್ನು ಮೀರಿಸುವ ದ್ವೀಪ ಇಲ್ಲ.

ಮಕಿಶಿ ಮಾರುಕಟ್ಟೆಯಿಂದ ಶುರು ಮಾಡಿ. ಹಳೆಯ ಕಟ್ಟಡ ಕೆಡವಿ ಕಟ್ಟಿ, 2023ರ ಮಾರ್ಚ್‌ನಲ್ಲಿ ಮತ್ತೆ ತೆರೆದರು. ಕೆಳಗೆ ನೀಲಿ ಮೀನು, ಕೆಂಪು ಮೀನು, ಸಿಗಡಿ, ಹಂದಿಯ ಮುಖ, ಕಾಲು ಎಲ್ಲ ಇಟ್ಟಿರುತ್ತಾರೆ. ಬೇಕಾದ ಮೀನು ತೋರಿಸಿ ತೂಕ ಹಾಕಿಸಿ, ಸ್ವಲ್ಪ ಕೂಲಿ ಕೊಟ್ಟರೆ ಮೇಲಿನ ಮಹಡಿಯ ಹೋಟೆಲಿನಲ್ಲಿ ಅಡುಗೆ ಮಾಡಿ ಕೊಡುತ್ತಾರೆ. ನಾಲ್ಕು ಜನ ಹೋದರೆ ಒಂದೇ ಮೀನನ್ನು ಅರ್ಧ ಹಸಿಯಾಗಿ, ಅರ್ಧ ಕರಿದು, ತಲೆಯನ್ನು ಸಾರು ಮಾಡಿಸಿ ತಿನ್ನಬಹುದು. ಒಬ್ಬರೇ ಹೋದರೆ ಲಾಭ ಇಲ್ಲ.

ಒಕಿನಾವಾದ ಅಡುಗೆಯ ಜೀವ ಹಂದಿ. ‘ಕೂಗೊಂದನ್ನು ಬಿಟ್ಟು ಹಂದಿಯಲ್ಲಿ ಎಲ್ಲವನ್ನೂ ತಿನ್ನುತ್ತೇವೆ’ ಅನ್ನುವುದು ಅಲ್ಲಿನ ಮಾತು. ಒಕಿನಾವಾ ಸೋಬಾ ಅಂದರೆ ಹೆಸರಿಗಷ್ಟೇ ಸೋಬಾ. ಜಪಾನಿನ ಉಳಿದ ಕಡೆ ಸೋಬಾ ಮಾಡುವ ಬಕ್‌ವೀಟ್ ಕಾಳು ಇದರಲ್ಲಿ ಇಲ್ಲವೇ ಇಲ್ಲ, ಪೂರ್ತಿ ಗೋಧಿ. ಹಂದಿ ಮೂಳೆ ಮತ್ತು ಮೀನಿನ ಸಾರಿನಲ್ಲಿ ದಪ್ಪ ನೂಡಲ್, ಮೇಲೆ ಮೆತ್ತಗೆ ಬೆಂದ ಪಕ್ಕೆಲುಬಿನ ತುಂಡು. ಬಟ್ಟಲಿಗೆ ಏಳುನೂರರಿಂದ ಸಾವಿರ ಯೆನ್. ಖಾರ ಸಾಲದೆನಿಸಿದರೆ ಮೇಜಿನ ಮೇಲೆ ಕೊರೆಗುಸು ಬಾಟಲಿ ಇರುತ್ತದೆ. ಅವಮೋರಿ ಅನ್ನುವ ಅಲ್ಲಿನ ಅಕ್ಕಿ ಮದ್ಯದಲ್ಲಿ ನೆನೆಸಿದ ಚಿಕ್ಕ ಮೆಣಸಿನಕಾಯಿ. ಎರಡು ಹನಿ ಸಾಕು. ಮದ್ಯ ಮುಟ್ಟದವರು ಅದನ್ನೂ ಮುಟ್ಟಬಾರದು ಅಂತ ನೆನಪಿರಲಿ.

ನಮ್ಮವರಿಗೆ ಅಲ್ಲಿ ಮನೆಯ ನೆನಪಾಗುವುದು ತರಕಾರಿ ಅಂಗಡಿಯ ಮುಂದೆ. ಗೋಯಾ ಅಂದರೆ ಹಾಗಲಕಾಯಿ. ನಾಬೇರಾ ಅಂದರೆ ನಮ್ಮ ತುಪ್ಪದ ಹೀರೆಕಾಯಿ, ಅದನ್ನು ಮಿಸೋ, ಅಂದರೆ ಹುದುಗಿಸಿದ ಸೋಯಾ ಮುದ್ದೆ, ಹಾಕಿ ಬೇಯಿಸುತ್ತಾರೆ. ಪರಂಗಿಕಾಯಿ ತುರಿದು ಹುರಿಯುತ್ತಾರೆ. ಅರಿಶಿನದ ಟೀ ಬಾಟಲಿಯಲ್ಲಿ ಸಿಗುತ್ತದೆ. ಆದರೆ ಈ ಪಲ್ಯಗಳಲ್ಲಿ ಹಂದಿಯೋ ದಾಶಿಯೋ ಸೇರಿಯೇ ಇರುತ್ತದೆ ಅಂದುಕೊಂಡೇ ಕೇಳಿ. ಗೋಯಾ ಚಂಪೂರು ಅನ್ನುವ ಹಾಗಲಕಾಯಿ, ತೋಫು, ಮೊಟ್ಟೆಯ ಪಲ್ಯವನ್ನು ಹಂದಿ ಇಲ್ಲದೆ ಮಾಡಿಕೊಡುವವರು ಸಿಗುತ್ತಾರೆ. ಸಸ್ಯಾಹಾರಿಗೆ ನೆಮ್ಮದಿ ಕೊಡುವ ತಿಂಡಿಗಳು ಬೇರೆ ಇವೆ. ಕಡಲೆಕಾಯಿ ಹಾಲಿಗೆ ಗೆಣಸಿನ ಹಿಟ್ಟು ಸೇರಿಸಿ ಕಾಯಿಸಿ ಮಾಡುವ ಜಿಮಾಮಿ ತೋಫು ಅಂಥದ್ದು. ಬಾಯಲ್ಲಿ ಕರಗುತ್ತದೆ. ಮೇಲೆ ಸುರಿಯುವ ರಸದಲ್ಲಿ ದಾಶಿ ಇದೆಯಾ ಅಂತ ಕೇಳಿ, ಇದ್ದರೆ ಬರೀ ಸೋಯಾ ಸಾಸ್ ಹಾಕಿಸಿಕೊಳ್ಳಿ. ಉಮಿಬುದೋ ಅನ್ನುವ ಕಡಲ ದ್ರಾಕ್ಷಿ ಪಾಚಿ ಹಲ್ಲಿಗೆ ಸಿಕ್ಕರೆ ಪಟಪಟ ಒಡೆಯುತ್ತದೆ. ಅದನ್ನು ಫ್ರಿಜ್ಜಿನಲ್ಲಿಟ್ಟರೆ ಸೊರಗುತ್ತದೆ, ಅಲ್ಲೇ ತಿಂದುಬಿಡಿ. ತೋಫುಯೋ ಮಾತ್ರ ಉಗುರಿನಷ್ಟು ಬಾಯಿಗಿಡಿ. ಕೋಜಿ ಅಂದರೆ ಹುದುಗಿಸಲು ಬಳಸುವ ಬೂಷ್ಟು; ಕೆಂಪು ಕೋಜಿ, ಅವಮೋರಿ ಹಾಕಿ ಮಾಗಿಸಿದ ತೋಫು ಅದು, ಹಳೆಯ ಚೀಸಿನ ಗತ್ತು ಅದಕ್ಕಿದೆ. ಮಕ್ಕಳಿದ್ದರೆ ಸಾತಾ ಅಂದಾಗಿ. ಸಕ್ಕರೆ, ಎಣ್ಣೆ, ಕರಿದದ್ದು ಅಂತಲೇ ಅದರ ಹೆಸರಿನ ಅರ್ಥ. ಮೊಟ್ಟೆ ಹಾಕಿರುತ್ತಾರೆ, ಬಿಟ್ಟರೆ ನಮ್ಮ ಗಟ್ಟಿ ಸಿಹಿ ಬೋಂಡಾ ಇದ್ದ ಹಾಗೆ.

ಹದಿಹರೆಯದವರಿಗೆ ಟಾಕೊ ರೈಸ್ ಹಿಡಿಸುತ್ತದೆ. ಅನ್ನದ ಮೇಲೆ ಮಸಾಲೆ ಕೈಮಾ, ಚೀಸು, ಎಲೆ. 1984ರಲ್ಲಿ ಅಮೆರಿಕದ ಸೇನಾ ನೆಲೆಯ ಪಕ್ಕದ ಕಿನ್ ಊರಿನಲ್ಲಿ ಸೈನಿಕರಿಗಾಗಿ ಹುಟ್ಟಿದ ಊಟ.

ಇನ್ನು ಅವಮೋರಿ. ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ಜಪಾನಿನ ಅಂಟು ಅಕ್ಕಿಯಿಂದ ಅಲ್ಲ, ಥಾಯ್ಲೆಂಡಿನ ಉದ್ದ ಅಕ್ಕಿಯಿಂದ ಮಾಡುತ್ತಾರೆ. ಬೆಂದ ಅಕ್ಕಿಯ ಮೇಲೆ ಕಪ್ಪು ಕೋಜಿ ಬೂಷ್ಟು ಬೆಳೆಸಿ, ಹುಳಿ ಬರಿಸಿ, ಒಂದೇ ಸಲ ಭಟ್ಟಿ ಇಳಿಸುತ್ತಾರೆ. ಮೂರು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇಟ್ಟದ್ದಕ್ಕೆ ಕುಸು ಅಂತ ಹೆಸರು. ಮಣ್ಣಿನ ಗಡಿಗೆಗಳನ್ನು ವಯಸ್ಸಿನ ಸಾಲಿನಲ್ಲಿ ಇಟ್ಟು, ಅತಿ ಹಳೆಯದರಿಂದ ತೆಗೆದಷ್ಟನ್ನು ಅದರ ನಂತರದ್ದರಿಂದ ತುಂಬಿಸುತ್ತಾ ಹೋಗುತ್ತಾರೆ. ಹೀಗೆ ನೂರು ವರ್ಷ ದಾಟಿದ ಗಡಿಗೆಗಳು ಹಳೆಯ ರಾಜಧಾನಿ ಶುರಿಯಲ್ಲಿ ಇದ್ದವು. 1945ರ ಯುದ್ಧದಲ್ಲಿ ಅವು ಬಹುತೇಕ ನಾಶವಾದವು. ಈಗಿನ ಕುಸು ಕುಡಿಯುವಾಗ ಇದು ನನಗೆ ನೆನಪಾಗದೆ ಇರುವುದಿಲ್ಲ. ಸಾಮಾನ್ಯ ಅವಮೋರಿ 30 ಡಿಗ್ರಿ, ಅಂದರೆ ನೂರಕ್ಕೆ 30 ಪಾಲು ಮದ್ಯಸಾರ, ಕುಸು 43ರವರೆಗೂ ಹೋಗುತ್ತದೆ. ಮೊದಲನೆಯದನ್ನು ನೀರು, ಐಸ್ ಬೆರೆಸಿ. ಕುಸುವನ್ನು ಚಿಕ್ಕ ಬಟ್ಟಲಲ್ಲಿ ಹಾಗೇ.

ಕಡಿಮೆ ದುಡ್ಡಿನವರಿಗೆ ನಾಹಾದಲ್ಲಿ ಸೆನ್ಬೆರೊ ಅನ್ನುವ ಪದ್ಧತಿ ಇದೆ. ಸಾವಿರ ಯೆನ್ನಿಗೆ ಎರಡು ಮೂರು ಗ್ಲಾಸು, ಜೊತೆಗೆ ಒಂದು ತಿಂಡಿ. ಅಸಾತೊ ನಿಲ್ದಾಣದ ಹತ್ತಿರದ ಸಕಾಎಮಾಚಿ ಮಾರುಕಟ್ಟೆಯ ಓಣಿಗಳಲ್ಲಿ ಸಂಜೆ ಹೊತ್ತು ಊರಿನವರ ಭುಜಕ್ಕೆ ಭುಜ ತಾಗಿಸಿ ಕೂರಬಹುದು. ದಿನಕ್ಕೆ ಮೂರು ನಾಲ್ಕು ಸಾವಿರ ಯೆನ್ನಿನಲ್ಲಿ ಊಟ ಮುಗಿಯುತ್ತದೆ.

ಕೊರತೆ ಏನು? ನಾಹಾ ಈಗ ನಗರ. ಕೊಕುಸಾಯ್ ಬೀದಿಯ ದೊಡ್ಡ ಹೋಟೆಲುಗಳಲ್ಲಿ ಪ್ರವಾಸಿಗರಿಗೆಂದೇ ಮಾಡಿದ ರುಚಿ. ಎರಡು ಓಣಿ ಒಳಗೆ ಹೋದರೆ ಮಾತ್ರ ನಿಜವಾದ ಊಟ. ದ್ವೀಪದ ಮೌನ ಬೇಕೆನ್ನುವವರಿಗೆ ಇದು ಊರಲ್ಲ.

ಇಶಿಗಾಕಿ: ಹಿಪ್ಪಲಿಯ ದ್ವೀಪ

ನಾಹಾದಿಂದ ಇನ್ನೊಂದು ಗಂಟೆ ವಿಮಾನದಲ್ಲಿ ಹೋದರೆ ಇಶಿಗಾಕಿ. ಟೋಕಿಯೊದಿಂದ ನೇರ ವಿಮಾನವೂ ಇದೆ. ಅದನ್ನೇ ಹಿಡಿಯಿರಿ, ನಾಹಾದಲ್ಲಿ ಇಳಿದು ಹತ್ತಿದರೆ ಒಂದು ಹೊತ್ತು ಹೋಯಿತು ಅಂತಲೇ ಲೆಕ್ಕ.

ಇಲ್ಲಿನ ಯಾಎಯಾಮಾ ಸೋಬಾದ ಎಳೆ ಸಣ್ಣ, ದುಂಡಗೆ. ಸಾರು ನಾಹಾದ್ದಕ್ಕಿಂತ ತುಸು ಸಿಹಿ. ಮೇಲೆ ಹಂದಿ ಮಾಂಸ, ಕಮಬೊಕೊ ಅನ್ನುವ ಅರೆದು ಬೇಯಿಸಿದ ಮೀನಿನ ಮುದ್ದೆ ಎರಡನ್ನೂ ಉದ್ದುದ್ದ ಸೀಳಿ ಹಾಕುತ್ತಾರೆ. ಆಮೇಲೆ ಪಿಪಾಚಿ ಪುಡಿ ಉದುರಿಸುತ್ತಾರೆ. ಆ ವಾಸನೆ ಮೂಗಿಗೆ ಬಡಿದ ತಕ್ಷಣ ನನಗೆ ಅಜ್ಜಿಯ ಕಷಾಯದ ಡಬ್ಬಿ ನೆನಪಾಯಿತು. ಅದು ಹಿಪ್ಪಲಿಯ ಹತ್ತಿರದ ನೆಂಟ. ಕಲ್ಲಿನ ಪಾಗಾರದ ಮೇಲೆ ಹಬ್ಬುವ ಬಳ್ಳಿಯ ಹಣ್ಣನ್ನು ಒಣಗಿಸಿ ಪುಡಿ ಮಾಡಿದ್ದು. ಜಪಾನಿಯಲ್ಲಿ ಈ ಮಸಾಲೆಗೆ ಹಿಹಾತ್ಸು ಅಂತ ಹೆಸರು. ಸಂಸ್ಕೃತದ ಪಿಪ್ಪಲಿ ಚೀನಾ ದಾರಿಯಲ್ಲಿ ಹೋಗಿ ಆ ರೂಪ ತಾಳಿದೆ. ನಮ್ಮಲ್ಲಿ ಔಷಧಿಯ ಡಬ್ಬಿ ಸೇರಿದ್ದು ಅಲ್ಲಿ ದಿನದ ಊಟದ ಮೇಜಿನ ಮೇಲಿದೆ. ಇದೊಂದಕ್ಕೇ ಅಡುಗೆಯ ಹುಚ್ಚಿರುವವರು ಇಶಿಗಾಕಿಗೆ ಹೋಗಬಹುದು ಅನ್ನುತ್ತೇನೆ.

ಇಶಿಗಾಕಿ ಹೆಸರಾಗಿರುವುದು ದನದ ಮಾಂಸಕ್ಕೆ. ಬಾಯಿಗಿಟ್ಟರೆ ಕರಗುವಷ್ಟು ಕೊಬ್ಬಿನದು, ಒಂದು ಊಟಕ್ಕೆ ಐದು ಸಾವಿರ ಯೆನ್ ಮೀರುತ್ತದೆ. ಸುಶಿಯಲ್ಲಿ ಒಂದೆರಡು ತುಂಡು ಹಾಕಿ ಕೊಡುವ ಅಂಗಡಿಗಳಿವೆ. ರುಚಿ ಮಾತ್ರ ನೋಡಬೇಕು, ದುಡ್ಡು ಉಳಿಯಬೇಕು ಅನ್ನುವವರಿಗೆ ಅದೇ ದಾರಿ. ದನದ ಮಾಂಸ ತಿನ್ನದವರಿಗೆ ತಾಜಾ ಟ್ಯೂನಾ ಇದೆ, ಅದೂ ಕಡಿಮೆ ಬೆಲೆಗೆ. ಅನಾನಸ್, ಮಾವು ಬೇಸಿಗೆಯಲ್ಲಿ ಬರುತ್ತವೆ. ಮಾವಿಗೆ ಅಲ್ಲಿ ಬಂಗಾರದ ಬೆಲೆ, ನಾವು ಅನಾನಸ್ ತಿಂದರೆ ಸಾಕು.

ಕುಡಿಯುವವರಿಗೆ ಯಾಎಸೆನ್, ಸೇಫುಕು, ಓಮೊತೊ ಎಲ್ಲ ಇದೇ ದ್ವೀಪದ ಅವಮೋರಿ. ಇನ್ನೂ ಪಶ್ಚಿಮಕ್ಕೆ, ತೈವಾನಿನ ಹತ್ತಿರದ ಯೊನಾಗುನಿ ದ್ವೀಪದಲ್ಲಿ ಹನಾಜಾಕೆ ಮಾಡುತ್ತಾರೆ. ಭಟ್ಟಿಯ ಮೊದಲ ಧಾರೆ, 60 ಡಿಗ್ರಿ. ಇಶಿಗಾಕಿಯ ಬಾರುಗಳಲ್ಲೇ ಒಂದು ಚಿಕ್ಕ ಬಟ್ಟಲು ಸಿಗುತ್ತದೆ. ಗುಟುಕು ಗುಟುಕಾಗಿ, ಪಕ್ಕದಲ್ಲಿ ನೀರಿಟ್ಟುಕೊಂಡು ಕುಡಿಯಿರಿ.

ಬಂದರು ಊರಿನ ನಡುವೆಯೇ ಇದೆ. ಅಲ್ಲಿಂದ ತಾಕೆತೊಮಿ ದ್ವೀಪಕ್ಕೆ ಹತ್ತು ಹದಿನೈದು ನಿಮಿಷ. ಬೆಳಗ್ಗೆ ಹೋಗಿ ಮಧ್ಯಾಹ್ನದ ಸೋಬಾಕ್ಕೆ ವಾಪಸ್ ಬರಬಹುದು. ಸಸ್ಯಾಹಾರಿಗಳಿಗೆ ನಾಹಾಕ್ಕಿಂತ ಇಲ್ಲಿ ಆಯ್ಕೆ ಕಡಿಮೆ. ರಾತ್ರಿ ಊಟಕ್ಕೆ ಮೊದಲೇ ಹೇಳಿಡಬೇಕು. ಹೇಳದೆ ಹೋದರೆ ಮಾಂಸ ತಿನ್ನುವವರಿಗೂ ಜಾಗ ಸಿಗುವುದಿಲ್ಲ, ಒಳ್ಳೆಯ ಅಂಗಡಿಗಳು ಅಷ್ಟು ಚಿಕ್ಕವು.

ಅಮಾಮಿ ಓಶಿಮಾ: ಬೆಲ್ಲದ ಕಥೆ

ಕೊಕುತೋ ಅಂದರೆ ಕಬ್ಬಿನ ಹಾಲು ಕಾಯಿಸಿ ಮಾಡಿದ ಕರಿ ಬೆಲ್ಲ. ಅಮಾಮಿಯ ಇತಿಹಾಸವೇ ಅದು. 1609ರಲ್ಲಿ ಕಗೋಶಿಮಾದಿಂದ ಆಳುತ್ತಿದ್ದ ಸತ್ಸುಮಾ ಪಾಳೆಯಗಾರರ ಸೇನೆ ಒಕಿನಾವಾದ ರ‍್ಯುಕ್ಯು ರಾಜ್ಯದಿಂದ ಈ ದ್ವೀಪಗಳನ್ನು ಕಿತ್ತುಕೊಂಡಿತು. ಆಮೇಲೆ ರೈತರು ಕಬ್ಬು ಬೆಳೆದು ಬೆಲ್ಲವನ್ನು ಪೂರ್ತಿ ಅವರಿಗೇ ಒಪ್ಪಿಸಬೇಕಾಯಿತು. ಆ ಕಾಲವನ್ನು ಅಲ್ಲಿಯವರು ‘ಬೆಲ್ಲದ ನರಕ’ ಅಂತಲೇ ಕರೆಯುತ್ತಾರೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಆಡಳಿತ ಬಂತು. 1953ರ ಡಿಸೆಂಬರ್ 25ರಂದು ದ್ವೀಪಗಳು ಜಪಾನಿಗೆ ಮರಳಿದವು. ಆಗ ಬೆಲ್ಲದಿಂದ ಶೋಚು, ಅಂದರೆ ಜಪಾನಿನ ಭಟ್ಟಿ ಮದ್ಯ, ಇಳಿಸುವ ಅನುಮತಿ ಈ ದ್ವೀಪಗಳಿಗೆ ಮಾತ್ರ ಸಿಕ್ಕಿತು, ಅಕ್ಕಿಯ ಕೋಜಿ ಸೇರಿಸಲೇಬೇಕು ಅನ್ನುವ ಷರತ್ತಿನ ಮೇಲೆ. ಇವತ್ತಿಗೂ ಜಪಾನಿನಲ್ಲಿ ಬೇರೆ ಎಲ್ಲೂ ಕೊಕುತೋ ಶೋಚು ಮಾಡುವ ಹಾಗಿಲ್ಲ.

ವಾಸನೆ ಆಲೆಮನೆಯದು, ಬಾಯಿಗೆ ಸಿಹಿ ಇಲ್ಲ. ಭಟ್ಟಿ ಇಳಿಸಿದ ಮೇಲೆ ಸಕ್ಕರೆ ಉಳಿಯುವುದಿಲ್ಲ ಅಲ್ವಾ. ಮಂಡ್ಯದ ಕಡೆಯವರು ಇದರ ಮೊದಲ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದೇ ಸ್ವಲ್ಪ ಹೊತ್ತು ಕೂರುತ್ತಾರೆ ಅಂತ ಧೈರ್ಯವಾಗಿ ಹೇಳಬಲ್ಲೆ. 25, 30 ಡಿಗ್ರಿಯದು, ಬಿಸಿ ನೀರು ಬೆರೆಸಿದರೆ ವಾಸನೆ ಇನ್ನೂ ಅರಳುತ್ತದೆ.

ಕುಡಿಯದವರಿಗೆ ಮಿಕಿ ಇದೆ. ಅಕ್ಕಿ ಗಂಜಿಗೆ ಹಸಿ ಗೆಣಸು ತುರಿದು ಹಾಕಿ, ಸಕ್ಕರೆ ಸೇರಿಸಿ, ಹುಳಿ ಬರಿಸಿದ್ದು. ಮದ್ಯ ಅಲ್ಲ. ಗಟ್ಟಿ, ಸಿಹಿ, ದಿನ ಕಳೆದಂತೆ ಹುಳಿ. ಅಂಬಲಿ ಕುಡಿದು ಬೆಳೆದವರಿಗೆ ಪರಿಚಯ ಬೇಕಿಲ್ಲ. ಅಂಗಡಿಯಲ್ಲಿ ಹಾಲಿನ ಪೊಟ್ಟಣದ ಥರ ಸಿಗುತ್ತದೆ.

ಊಟದಲ್ಲಿ ಕೇಹಾನ್. ಬಿಸಿ ಅನ್ನದ ಮೇಲೆ ಕೋಳಿಯ ಎಸಳು, ಮೊಟ್ಟೆಯ ಸಣ್ಣ ಪಟ್ಟಿ, ಅಣಬೆ, ಪರಂಗಿಕಾಯಿ ಉಪ್ಪಿನಕಾಯಿ, ಕಿತ್ತಳೆ ಸಿಪ್ಪೆ ಎಲ್ಲ ನಿಮ್ಮ ಕೈಯಾರೆ ಜೋಡಿಸಿಕೊಂಡು, ಮೇಲೆ ಕುದಿಯುವ ಕೋಳಿ ಸಾರು ಹೊಯ್ದುಕೊಳ್ಳಬೇಕು. ಹಿಂದೆ ಸತ್ಸುಮಾದ ಅಧಿಕಾರಿಗಳ ಸತ್ಕಾರಕ್ಕೆ ಮಾಡುತ್ತಿದ್ದ ಅಡುಗೆ ಅಂತ ಹೇಳುತ್ತಾರೆ. ಕೋಳಿ ತಿನ್ನುತ್ತೇವೆ, ಹಂದಿ, ದನ ಬೇಡ ಅನ್ನುವವರು ನಮ್ಮಲ್ಲಿ ಬಹಳ. ಅವರಿಗೆ ಇಷ್ಟು ನೆಮ್ಮದಿಯ ಊಟ ದಕ್ಷಿಣದ ದ್ವೀಪಗಳಲ್ಲಿ ಬೇರೆ ಕಾಣೆ. ಸಸ್ಯಾಹಾರಿಗೆ ಮಾತ್ರ ಅಮಾಮಿ ಕಷ್ಟವೇ.

ಟೋಕಿಯೊ, ಒಸಾಕಾ ಎರಡೂ ಕಡೆಯಿಂದ ಕಡಿಮೆ ದರದ ವಿಮಾನ ಇದೆ. ಕಗೋಶಿಮಾದಿಂದ ರಾತ್ರಿ ಹಡಗು ಹತ್ತಿದರೆ ಸುಮಾರು ಹನ್ನೊಂದು ಗಂಟೆ, ಮಲಗಿ ಏಳುವಷ್ಟರಲ್ಲಿ ನಾಜೆ ಊರು. ದ್ವೀಪ ದೊಡ್ಡದು, ಬಸ್ಸು ಕಡಿಮೆ, ಹಗಲು ಸುತ್ತಲು ಕಾರು ಬೇಕು. ನಮ್ಮ ಆರ್‌ಟಿಓ ಕೊಡುವ ಅಂತಾರಾಷ್ಟ್ರೀಯ ಪರವಾನಗಿ ಜಪಾನಿನಲ್ಲಿ ನಡೆಯುತ್ತದೆ, ರಸ್ತೆಯೂ ನಮ್ಮಂತೆ ಎಡಬದಿ. ನಾಜೆಯಲ್ಲೇ ತಂಗಿ, ಸಂಜೆ ಕಾರು ನಿಲ್ಲಿಸಿ ಯಾನಿಗಾವಾ ಬೀದಿಗೆ ನಡೆದು ಹೋಗಿ.

ಶೋದೋಶಿಮಾ: ಸೋಯಾ ಸಾಸ್, ಆಲಿವ್, ಶ್ಯಾವಿಗೆ

ಒಸಾಕಾ, ಕ್ಯೋಟೊ ಕಡೆ ಇರುವವರು ದಕ್ಷಿಣಕ್ಕೆ ವಿಮಾನ ಹತ್ತುವ ಮೊದಲು ಇದನ್ನು ಯೋಚಿಸಿ. ಒಳಗಡಲಿನ ದ್ವೀಪ. ತಾಕಾಮಾತ್ಸುವಿನಿಂದ ಹಡಗಿನಲ್ಲಿ ಒಂದು ಗಂಟೆ, ದರ ಸಾವಿರ ಯೆನ್ನಿನೊಳಗೆ. ಎರಡೇ ದಿನ ಇದ್ದರೂ ಸಾಕು.

ಸುಮಾರು 400 ವರ್ಷದಿಂದ ಇಲ್ಲಿ ಸೋಯಾ ಸಾಸ್ ಮಾಡುತ್ತಿದ್ದಾರೆ. ಆಳೆತ್ತರ ಮೀರುವ ಮರದ ಪೀಪಾಯಿಗಳು ಸಾವಿರಕ್ಕೂ ಜಾಸ್ತಿ ಇನ್ನೂ ಬಳಕೆಯಲ್ಲಿವೆ. ಒಂದು ಪೀಪಾಯಿ ನೂರು ವರ್ಷ ಮೀರಿ ಬಾಳುತ್ತದೆ, ಅದರ ಮರದೊಳಗೆ ಸೇರಿಕೊಂಡ ಸೂಕ್ಷ್ಮಜೀವಿಗಳೇ ಆ ಮನೆಯ ರುಚಿ. ಪೀಪಾಯಿ ಕಟ್ಟುವ ಕಸುಬುದಾರರು ಮುಗಿಯುತ್ತಾ ಬಂದಾಗ ಯಾಮಾರೊಕು ಅನ್ನುವ ಸೋಯಾ ಸಾಸ್ ಮನೆಯವರು 2012ರಲ್ಲಿ ತಾವೇ ಆ ಕಸುಬು ಕಲಿತು ಆಮೇಲೆ ಕಟ್ಟತೊಡಗಿದರು. ಈಗ ಬೇರೆ ಊರಿನವರೂ ಬಂದು ಕಲಿಯುತ್ತಾರೆ. ಆ ಕತ್ತಲೆ ಕೋಣೆಯೊಳಗೆ ಕಾಲಿಟ್ಟಾಗ ಬರುವ ವಾಸನೆಗೆ ನನ್ನಲ್ಲಿ ಹೋಲಿಕೆ ಇಲ್ಲ. ಅವತ್ತು ಬೆಳಗ್ಗೆ ನಾಟ್ಟೋ, ಅಂದರೆ ಹುದುಗಿಸಿದ ಸೋಯಾ ಕಾಳು, ತಿನ್ನಬೇಡಿ. ಅದರ ಜೀವಾಣು ಕೋಜಿಗೆ ಶತ್ರು, ಬಹಳ ಕಡೆ ಒಳಗೆ ಬಿಡುವುದಿಲ್ಲ.

ಸೋಮೆನ್ ಅಂದರೆ ಗೋಧಿಯ ಶ್ಯಾವಿಗೆ. ಎಳ್ಳೆಣ್ಣೆ ಸವರಿ ಎಳೆದು ಎಳೆದು ಕೋಲಿನ ಮೇಲೆ ಒಣಹಾಕುತ್ತಾರೆ. ಉತ್ತರ ಕರ್ನಾಟಕದ ಮನೆಯ ಮಾಳಿಗೆಯ ಮೇಲೆ ಬೇಸಿಗೆಯಲ್ಲಿ ಕಾಣುವ ಅದೇ ದೃಶ್ಯ, ಇಲ್ಲಿ ಚಳಿಗಾಲದಲ್ಲಿ. ಆಲಿವ್ 1908ರಲ್ಲಿ ಬಂತು. ಸರಕಾರ ಮೂರು ಪ್ರಾಂತ್ಯಗಳಲ್ಲಿ ನೆಟ್ಟು ನೋಡಿತು, ಹಿಡಿದದ್ದು ಇಲ್ಲಿ ಮಾತ್ರ. ಅಕ್ಟೋಬರ್, ನವೆಂಬರಿನಲ್ಲಿ ಕೊಯ್ಲು.

ಸಸ್ಯಾಹಾರಿಗಳಿಗೆ ನನ್ನ ಮೊದಲ ಆಯ್ಕೆ ಇದೇ. ಇಲ್ಲಿ ಹೆಸರಾದ ಮೂರು ವಸ್ತುವೂ ಗಿಡದಿಂದ ಬಂದವು. ಸೋಮೆನ್ ಜೊತೆ ಕೊಡುವ ರಸದಲ್ಲಿ ಒಣ ಮೀನಿನ ದಾಶಿ ಇರುತ್ತದೆ, ಅದರ ಬದಲು ಒಳ್ಳೆಯ ಸೋಯಾ ಸಾಸ್, ಆಲಿವ್ ಎಣ್ಣೆ ಕೇಳಿ. ಅಡುಗೆ ಸೌಕರ್ಯ ಇರುವ ತಂಗುಮನೆ ಹಿಡಿದರೆ ಪೂರ್ತಿ ನಿಶ್ಚಿಂತೆ. ಸೋಯಾ ಸಾಸ್ ಹಾಕಿದ ಐಸ್‌ಕ್ರೀಮ್ ತಿನ್ನದೆ ಬರಬೇಡಿ, ಉಪ್ಪು ಕ್ಯಾರಮೆಲ್ ಥರ ಇರುತ್ತದೆ. ಕೊರತೆ ಅಂದರೆ ರಾತ್ರಿ ಊರು ಬೇಗ ಮಲಗುತ್ತದೆ. ಕುಡಿಯುತ್ತಾ ಹರಟೆ ಹೊಡೆಯಲು ಬಂದವರಿಗೆ ಸಪ್ಪೆ.

ಸಾದೋ, ಮತ್ತೆ ಇಕಿ

ಟೋಕಿಯೊದಿಂದ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಎರಡು ಗಂಟೆಗೆ ನೀಗಾತಾ. ಅಲ್ಲಿಂದ ಸಾದೋಗೆ ಜೆಟ್‌ಫಾಯಿಲ್ ದೋಣಿ 67 ನಿಮಿಷ, ದೊಡ್ಡ ಹಡಗು ಎರಡೂವರೆ ಗಂಟೆ. ದೋಣಿಯ ದರ ಹಡಗಿನ ಎರಡು ಪಟ್ಟಿಗೂ ಜಾಸ್ತಿ.

ಸಾದೋ ಅಂದರೆ ಅಕ್ಕಿ. ಜಪಾನಿನ ಕಾಡಿನಲ್ಲಿ ಅಳಿದೇ ಹೋಗಿದ್ದ ತೊಕಿ (ಒಂದು ಜಾತಿಯ ಐಬಿಸ್) ಹಕ್ಕಿಯನ್ನು ಸಾಕಿ 2008ರಲ್ಲಿ ಮತ್ತೆ ಗದ್ದೆಗೆ ಬಿಟ್ಟರು. ಹಕ್ಕಿಗೆ ಹುಳ, ಕಪ್ಪೆ ಸಿಗಲಿ ಅಂತ ರೈತರು ಔಷಧಿ ಕಡಿಮೆ ಮಾಡಿದರು. ಆ ಗದ್ದೆಯ ಅಕ್ಕಿಗೆ ಬೇರೆ ಗುರುತು ಇದೆ. ಅದೇ ಅಕ್ಕಿ, ಅದೇ ನೀರಿನಿಂದ ಸಾಕೆ, ಅಂದರೆ ಭಟ್ಟಿ ಇಳಿಸದ ಅಕ್ಕಿ ಮದ್ಯ. ಮುಚ್ಚಿಹೋದ ಒಂದು ಶಾಲೆಯ ಕಟ್ಟಡದಲ್ಲಿ ಒಬಾತಾ ಅನ್ನುವ ಸಾಕೆ ಮನೆಯವರು 2014ರಿಂದ ಬೇಸಿಗೆಯಲ್ಲೂ ಸಾಕೆ ಮಾಡುತ್ತಿದ್ದಾರೆ. ಭಟ್ಟಿ ಇಳಿಸಿದ ಪಾನೀಯ ಗಂಟಲು ಸುಡುತ್ತದೆ ಅನ್ನುವವರಿಗೆ ಸಾಕೆಯೇ ಸರಿ, 15, 16 ಡಿಗ್ರಿ ಅಷ್ಟೇ. ಚಳಿಗಾಲದ ಬುರಿ ಮೀನು, ಕಾಮೊ ಕೆರೆಯ ಸಿಂಪಿ, ಶರತ್ಕಾಲದ ಬೀಜವಿಲ್ಲದ ಪರ್ಸಿಮನ್ ಇಲ್ಲಿಯ ಹೆಮ್ಮೆ. ಮೀನು ಪ್ರಿಯರಿಗೆ ಸ್ವರ್ಗ. ಆದರೆ ಮೀನು ಚೆನ್ನಾಗಿರುವ ಜನವರಿಯಲ್ಲೇ ಹಡಗು ನಿಲ್ಲುವ ಭಯವೂ ಜಾಸ್ತಿ. ವಾಪಸ್ ವಿಮಾನದ ಹಿಂದಿನ ದಿನ ಸಾದೋದಲ್ಲಿ ಇರಬೇಡಿ. ಎರಡು ಹೊತ್ತಿನ ಊಟ ಸೇರಿದ ತಂಗುಮನೆಗೆ ತಲೆಗೆ ಹದಿನೈದು ಸಾವಿರ ಯೆನ್ ಹತ್ತಿರ ಇಟ್ಟುಕೊಳ್ಳಿ.

ಫುಕುಒಕಾದಲ್ಲಿ ಇರುವವರಿಗೆ ಒಂದೇ ಮಾತು: ಇಕಿ. ದೋಣಿಯಲ್ಲಿ ಗಂಟೆ ಚಿಲ್ಲರೆ. ಬಾರ್ಲಿ ಶೋಚುವಿನ ತವರು, ಎರಡು ಪಾಲು ಬಾರ್ಲಿಗೆ ಒಂದು ಪಾಲು ಅಕ್ಕಿ ಕೋಜಿ. ಬೇಸಿಗೆಯಲ್ಲಿ ಉನಿ, ಅಂದರೆ ಕಡಲ ಮುಳ್ಳುಂಡೆಯ ಕೆಂಪು ತಿರುಳು. ಒಂದು ರಾತ್ರಿ ಸಾಕು.

ಯಾರಿಗೆ ಯಾವುದು

ಅಪ್ಪ, ಅಮ್ಮ, ಮಕ್ಕಳು, ಒಬ್ಬರು ಸಸ್ಯಾಹಾರಿ, ಒಬ್ಬರು ಎಲ್ಲ ತಿನ್ನುವವರು, ಹೀಗೆ ಬೆರಕೆ ಗುಂಪಿದ್ದರೆ ನಾಹಾ. ಒಬ್ಬೊಬ್ಬರಿಗೂ ಅವರವರ ತಟ್ಟೆ ಸಿಗುತ್ತದೆ, ಮಾಂಸ ಮೀನು ಬಿಟ್ಟು ಅಡುಗೆ ಮಾಡುವ ಚಿಕ್ಕ ಹೋಟೆಲುಗಳೂ ಇವೆ. ಎಲ್ಲರೂ ಸಸ್ಯಾಹಾರಿಗಳಾದರೆ ಶೋದೋಶಿಮಾ, ಯೋಚನೆಯೇ ಬೇಡ. ಕೈಯಲ್ಲಿ ದುಡ್ಡಿದೆ, ಗಂಡ ಹೆಂಡತಿ ಇಬ್ಬರೇ, ಏನು ಬೇಕಾದರೂ ತಿನ್ನುತ್ತೇವೆ ಅಂದರೆ ಇಶಿಗಾಕಿ. ಕೋಳಿಯ ತನಕ ಸರಿ, ಪಾನೀಯದ ಮೇಲೆ ಪ್ರೀತಿ, ಕಾರು ಓಡಿಸಲು ಒಬ್ಬರು ಕುಡಿಯದವರು ಇದ್ದಾರೆ ಅನ್ನುವ ಗೆಳೆಯರ ಗುಂಪಿಗೆ ಅಮಾಮಿ. ಮೀನು, ಅನ್ನ, ಸಾಕೆ ಮೂರೂ ಪ್ರಾಣ ಅನ್ನುವವರು ಸಾದೋಗೆ ಹೋಗಿ, ಆದರೆ ಅಕ್ಟೋಬರಿನಲ್ಲಿ. ಹೊಸ ಅಕ್ಕಿ ಬಂದಿರುತ್ತದೆ, ಕಡಲು ಇನ್ನೂ ಎದ್ದಿರುವುದಿಲ್ಲ.

ನನ್ನನ್ನೇ ಕೇಳಿದರೆ? ಮತ್ತೆ ನಾಲ್ಕು ದಿನ ಸಿಕ್ಕರೆ ಅಮಾಮಿಗೆ ಹೋಗುತ್ತೇನೆ, ಆ ರಾತ್ರಿ ಹಡಗಿನಲ್ಲೇ.

ಚೀಲಕ್ಕೆ ಏನು ಹಾಕಿಕೊಳ್ಳುವುದು

ಪಿಪಾಚಿಯ ಚಿಕ್ಕ ಡಬ್ಬಿ, ಕೊಕುತೋ ಪೊಟ್ಟಣ, ಸೋಮೆನ್ ಕಟ್ಟು, ಇವು ಹಗುರ, ಕೆಡುವುದಿಲ್ಲ. ಸೋಯಾ ಸಾಸ್ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ. ಮದ್ಯ ತರುವವರಿಗೆ ಭಾರತಕ್ಕೆ ತೆರಿಗೆ ಇಲ್ಲದೆ ತಲೆಗೆ ಎರಡು ಲೀಟರ್ ಮಿತಿ. 60 ಡಿಗ್ರಿಯ ಹನಾಜಾಕೆ ಕೂಡ ಪೆಟ್ಟಿಗೆಯಲ್ಲಿ ಬರುತ್ತದೆ, ವಿಮಾನದಲ್ಲಿ ತಡೆ ಇರುವುದು 70 ಡಿಗ್ರಿ ದಾಟಿದ್ದಕ್ಕೆ. ಕುಸು ಕೊಳ್ಳಲು ದುಡ್ಡು ಸಾಲದಿದ್ದರೆ 43 ಡಿಗ್ರಿಯ ಹೊಸ ಅವಮೋರಿ ತನ್ನಿ, ಬೆಲೆ ಕಡಿಮೆ. ವೈನಿನ ಥರ ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ ಬಿಸಿಲು ಬೀಳದ ಕಪಾಟಿನಲ್ಲಿಡಿ. ಅವಮೋರಿ ಬಾಟಲಿಯೊಳಗೂ ಮಾಗುತ್ತದೆ. ತಂದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಮೂರು ವರ್ಷ ತೆರೆಯಬೇಡಿ.